ಮುಟ್ಟಿ ನೋಡದೆ ನಂಬದವರು

ಜಯರಾಮಯ್ಯನವರು ಯಾವ ವಸ್ತುವನ್ನೇ ಆಗಲಿ ಮೊದಲು ನೋಡುವುದು ಅದರ ತಳವನ್ನು. ಕಾಫಿ ಲೋಟ ಕೈಗೆ ಬಂದರೆ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ತೊಟ್ಟೂ ಚೆಲ್ಲದಂತೆ ಅಡಿಯಿಂದ ಪರೀಕ್ಷಿಸಿದ ಮೇಲೆಯೇ ತುಟಿಗೆ ತಾಗಿಸುವುದು. ಮದುವೆಯ ಆಮಂತ್ರಣ ಬಂದರೆ ವಧೂವರರ ಹೆಸರಿಗಿಂತ ಮುಂಚೆ ಹಿಂಬದಿಯ ಮೂಲೆಯಲ್ಲಿ ಅಚ್ಚುಕೂಟದ ಹೆಸರನ್ನು ಹುಡುಕುವುದು. ಹೂವಿನವಳು ಮೊಳ ಹಾಕುವಾಗ ಹೂವನ್ನು ಬಿಟ್ಟು ಅವಳ ಮೊಳಕೈಯನ್ನೇ ದಿಟ್ಟಿಸುವುದು. ಬೆಸೆಂಟ್ ನಗರದಲ್ಲಿ ಅವರ ಎದುರು ಮನೆಗೆ ನಾನು ಬಂದ ದಿನ ಪರಿಚಯಕ್ಕೆಂದು ಒಂದು ತಟ್ಟೆ ಮೈಸೂರು ಪಾಕು ಒಯ್ದಿದ್ದೆ. ಅವರು ಒಂದು ತುಂಡನ್ನು ಎತ್ತಿ ಮಗುಚಿ ನೋಡಿ, "ಅಡಿ ಸ್ವಲ್ಪ ಹಿಡ್ದದೆ ಮೇಷ್ಟ್ರೇ, ಪರವಾಗಿಲ್ಲ" ಎಂದು ಬಾಯಿಗೆ ಹಾಕಿಕೊಂಡರು. ಅಡಿ ಹಿಡಿದದ್ದು ನಿಜವೇ ಆಗಿತ್ತು. ನನಗೆ ಹೆಚ್ಚು ಕೋಪ ಬಂದದ್ದೂ ಅದಕ್ಕೇ.

ನಂಜನಗೂಡಿನ ಕಡೆಯವರು. ಮದುವೆಯಾದ ಹೊಸತರಲ್ಲಿ ಪ್ರೇಮಮ್ಮನವರನ್ನು ಕರೆದುಕೊಂಡು ಈ ತಮಿಳು ಊರಿಗೆ ಬಂದವರು, ಅದರ ಇನ್ನೊಂದು ತುದಿಯ ಅಂಬತ್ತೂರಿನಲ್ಲಿ ಬ್ರೇಕಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಇದ್ದರು. ನಿವೃತ್ತಿಯ ದಿನ ಹೊದಿಸಿದ ಶಾಲನ್ನು ಬೀರುವಿನಲ್ಲಿಟ್ಟು ಮರೆತರು. ಅಲ್ಲೇ ಬಿಟ್ಟು ಬರಬೇಕಾಗಿದ್ದ ಬೂದು ಬಣ್ಣದ ಅರೆತೋಳಿನ ಕೋಟನ್ನು ಮಾತ್ರ ತೊಟ್ಟುಕೊಂಡೇ ಮನೆಗೆ ಬಂದರು. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ, ಊರಿಗೆ ಊರೇ ಬನಿಯನ್ನಿನಲ್ಲಿ ನರಳುತ್ತಿರುವಾಗ, ಜಯರಾಮಯ್ಯನವರು ಆ ಕೋಟಿನ ಗುಂಡಿಗಳನ್ನು ಕೊರಳವರೆಗೆ ಹಾಕಿಕೊಂಡು, ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂತಿರುಗಿ ನೋಡುತ್ತ ಕಡಲ ದಂಡೆಯಲ್ಲಿ ನಡೆಯುತ್ತಾರೆ. ಯಾರಾದರೂ ಬೆನ್ನು ಹತ್ತಿದ್ದಾರೆಂಬ ಭಯವೋ, ಏನನ್ನಾದರೂ ಬೀಳಿಸಿಕೊಂಡೆನೆಂಬ ಶಂಕೆಯೋ ತಿಳಿಯದು. ಯಾವ ಮಾತಿಗೂ ಅವರು ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದಿಲ್ಲ, "ನೋಡೋಣ" ಎನ್ನುತ್ತಾರೆ. ಸೂರ್ಯ ಹುಟ್ಟಿದನೆಂದರೂ ಅದೇ ಉತ್ತರ.

ಈ ಸಂಶಯದಲ್ಲಿ ಪಕ್ಷಪಾತವಿರಲಿಲ್ಲ ಎಂಬುದನ್ನು ಹೇಳಲೇಬೇಕು. ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಕಥೆಯನ್ನು ಕೊನೆಯವರೆಗೆ ಭಕ್ತಿಯಿಂದಲೇ ಕೇಳಿದವರು, ಮಂಗಳಾರತಿಗೆ ಮುಂಚೆ ಪುರೋಹಿತರನ್ನು ಕೇಳಿದರು: "ಸ್ವಾಮಿ, ಕಥೆ ಒಳಗಿನ ಜನಾನೂ ಪೂಜೆ ಮಾಡಿ ಕಥೆ ಕೇಳುದ್ರು ಅಂದ್ರಲ್ಲ, ಅವ್ರು ಕೇಳಿದ ಕಥೆ ಯಾವುದು?" ಪುರೋಹಿತರು ಗಂಟೆಯನ್ನು ಸ್ವಲ್ಪ ಜೋರಾಗಿ ಬಾರಿಸಿದರು. ಪ್ರೇಮಮ್ಮ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡರು. ಆಕೆ ಮಾತು ಕಡಿಮೆಯ ಹೆಂಗಸು. ಗಂಡ ಸಾರಿನ ಸೌಟನ್ನು ಮಗುಚಿ ನೋಡುವುದನ್ನು ನಲವತ್ತಕ್ಕೂ ಮಿಕ್ಕಿದ ವರ್ಷ ನೋಡಿಕೊಂಡು ಬಂದವರು, ಎಂದೂ ಒಂದು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕಳೆದ ಜೂನಿನಲ್ಲಿ ಪ್ರೇಮಮ್ಮನ ಸೀರೆಯ ಅಂಚಿನಲ್ಲಿ ಜಯರಾಮಯ್ಯನವರಿಗೆ ಒಂದು ಬಿಳಿಯ ಕಲೆ ಕಂಡಿತು. ಉಗುರಿನಿಂದ ಕೆರೆದು, ಮೂಸಿ, ಬೆರಳ ತುದಿಯಲ್ಲಿ ಹೊಸಕಿ, ಮೇಣವೆಂದು ನಿರ್ಧರಿಸಿದರು. ಮನೆಯಲ್ಲಿ ಆರು ತಿಂಗಳಿಂದ ಒಮ್ಮೆಯೂ ಕರೆಂಟು ಹೋಗಿರಲಿಲ್ಲ. ಇದ್ದೊಂದು ಮೇಣದ ಬತ್ತಿ ಪೊಟ್ಟಣ ಬಿಚ್ಚದೆ ಅಡುಗೆಮನೆಯ ಡ್ರಾಯರಿನಲ್ಲೇ ಇತ್ತು. ಅಂದರೆ ಮೇಣ ಹೊರಗಿನಿಂದ ಬಂದದ್ದು. ಮುಂದಿನ ಶನಿವಾರ ಸಂಜೆ ತರಕಾರಿಗೆಂದು ಹೊರಟ ಹೆಂಡತಿಯ ಹಿಂದೆ, ಒಂದು ಬೀದಿಯಷ್ಟು ಅಂತರ ಬಿಟ್ಟು ಹೊರಟರು. ಪ್ರೇಮಮ್ಮ ತರಕಾರಿ ಅಂಗಡಿ ದಾಟಿ, ಕಡಲ ದಂಡೆಯ ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಣೆಯ ಕುಂಕುಮ ಹಾಗೆಯೇ ಇಟ್ಟುಕೊಂಡು ಒಳಗೆ ಹೋದರು.

ಬೇರೆ ಯಾವ ಗಂಡನಾದರೂ ಅಂದೇ ಕೇಳಿಬಿಡುತ್ತಿದ್ದ. ಜಯರಾಮಯ್ಯನವರು ಕೇಳಲಿಲ್ಲ. ತಯಾರಿಸಿದವನ ಮಾತು ಕೇಳಬಾರದು, ತಯಾರಾದ ವಸ್ತುವನ್ನು ಅಳೆಯಬೇಕು ಎಂಬುದು ಅವರ ಕಾರ್ಖಾನೆಯ ಪಾಠ. ಅಂಬತ್ತೂರಿನಲ್ಲೇ ಸಂಸಾರ ಹೂಡಿರುವ ಮಗಳು ಗಗನಾಳಿಗೆ ಫೋನು ಮಾಡಿ ತಗ್ಗಿದ ದನಿಯಲ್ಲಿ ವಿಷಯ ತಿಳಿಸಿದರೆ ಅವಳು, "ಅಮ್ಮ ಎಲ್ಲಿಗಾದ್ರೂ ಹೋಗ್ಲಿ, ವಿಡುಪ್ಪಾ" ಎಂದು ಅರ್ಧ ತಮಿಳಿನಲ್ಲೇ ಮುಗಿಸಿದಳು. ಬಿಡುವ ಜನವೇ ಇವರು? ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿ ಕೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

"ಅವಳನ್ನ ಸೇರಿಸ್ಕೊಂಡ್ಬಿಟ್ರೆ, ನಾಳೆ ನನ್ನ ಒಂದು ಕಡೆ ಸುಟ್ಟು ಅವಳನ್ನ ಇನ್ನೊಂದು ಕಡೆ ಹೂಳ್ತಾರಾ ಮೇಷ್ಟ್ರೇ?"

ಆ ಮುಖದಲ್ಲಿ ಅಂಥ ದಿಗಿಲನ್ನು ನಾನು ಕಂಡದ್ದು ಅದೇ ಮೊದಲು. ಮತದ ಚಿಂತೆಯಾಗಿದ್ದರೆ ಸಮಾಧಾನ ಹೇಳಬಹುದಿತ್ತು. ಸತ್ತ ಮೇಲೂ ಜೊತೆ ತಪ್ಪೀತೆಂದು ಹೆದರುವ ಮನುಷ್ಯನಿಗೆ ನಾನಾದರೂ ಏನು ಹೇಳಲಿ? ಕ್ರೈಸ್ತರ ಧರ್ಮಗ್ರಂಥ ಕನ್ನಡದಲ್ಲಿ ಬೇಕೆಂದರು. ಬೆಂಗಳೂರಿಗೆ ಹೋದಾಗ ತಂದುಕೊಟ್ಟೆ. ಅಡಿಯ ರಟ್ಟನ್ನು ಒತ್ತಿ ನೋಡಿ ಒಳಗೆ ತೆಗೆದುಕೊಂಡು ಹೋದರು. ಹೆಂಡತಿಗೆ ಕಾಣದಂತೆ ಅದಕ್ಕೆ ಹಳೆಯ ಪಂಚಾಂಗದ ಹೊದಿಕೆ ಹಾಕಿದ್ದರು.

ಎರಡು ತಿಂಗಳು ಕೆಂಪು ಪೆನ್ಸಿಲು ಹಿಡಿದು ಓದಿದರು. ಯೇಸು ಹುಟ್ಟಾ ಯೆಹೂದಿ, ಯೆಹೂದಿಯರ ಹಬ್ಬದ ಊಟ ಮುಗಿಸಿಯೇ ಸಾವಿಗೆ ಹೋದವನು, ಕ್ರೈಸ್ತ ಎಂಬ ಹೆಸರು ಅವನ ಶಿಷ್ಯರಿಗೆ ಬಿದ್ದದ್ದು ಅವನು ಹೋದ ಎಷ್ಟೋ ಕಾಲದ ಮೇಲೆ ಎಂಬುದನ್ನು ಕಂಡುಹಿಡಿದ ದಿನ, ದೊಡ್ಡದೊಂದು ಮೋಸ ಬಯಲಾದವರ ಹಾಗೆ ನನ್ನ ಬಾಗಿಲು ಬಡಿದರು. "ಮಾಡಿದೋನಿಗೇ ಅದರ ಹೆಸರು ಗೊತ್ತಿರ್ನಿಲ್ಲ!" ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯ ಸಮೀರ್, "ನಮ್ಮ ಗ್ರಂಥದಲ್ಲೂ ಯೇಸು ತಾಯಿ ಹೆಸರಲ್ಲಿ ಒಂದು ಅಧ್ಯಾಯಾನೇ ಇದೆ ಸಾರ್" ಎಂದಾಗ ಅವರ ಶಂಕೆ ಇಮ್ಮಡಿಸಿತು; ಮೂರು ಮತದವರು ಒಂದೇ ಮನೆತನದ ಹೆಸರು ಹೇಳುತ್ತಿರುವಾಗ ಜಗಳ ಯಾತಕ್ಕೆಂಬ ಪ್ರಶ್ನೆ ಅವರನ್ನು ಒಂದು ವಾರ ಕಾಡಿತು. ಯೇಸುವಿನ ಬರಿದಾದ ಸಮಾಧಿಯ ಬಳಿ ಕಂಡ ದೇವದೂತರು, ಅವನ ಕಥೆ ಹೇಳುವ ನಾಲ್ಕು ಸುವಾರ್ತೆಗಳ ಪೈಕಿ ಒಂದರಲ್ಲಿ ಒಬ್ಬ, ಇನ್ನೊಂದರಲ್ಲಿ ಇಬ್ಬರು. "ಪೂರಾ ಲಾಟು ರಿಜೆಕ್ಟು" ಎಂದರು ಸೋಮವಾರ. ಗುರುವಾರ ಅವರೇ ಬಂದು, ಮುಖ ಸಣ್ಣದು ಮಾಡಿಕೊಂಡು, "ಅಲ್ಲ ಮೇಷ್ಟ್ರೇ, ನಾಕು ರಿಪೋರ್ಟೂ ಒಂದೇ ಥರ ಇದ್ದಿದ್ರೆ ಕಾಪಿ ಹೊಡೆದವ್ರೆ ಅನ್ಬೋದಿತ್ತು. ಬೇರೆ ಬೇರೆ ಇದೆ ಅಂದ್ರೆ ಯಾರೋ ಏನೋ ನೋಡಿರ್ಬೇಕು" ಎಂದರು. ಅವರು ಸಂಶಯಿಸುತ್ತಿದ್ದದ್ದು ಧರ್ಮವನ್ನೋ ತಮ್ಮ ಸಂಶಯವನ್ನೋ ಎಂದು ನನಗೇ ಅನುಮಾನ ಹುಟ್ಟಿದ್ದು ಆಗ.

ಆಗಸ್ಟ್ ಕೊನೆಗೆ ಚರ್ಚಿನ ಜಾತ್ರೆಯ ಧ್ವಜ ಏರಿತು. ಕಾವಿ ಉಟ್ಟು ಬರಿಗಾಲಲ್ಲಿ ಮೈಲಿಗಟ್ಟಲೆ ನಡೆದು ಬಂದವರು, ಹರಕೆಗೆ ತಲೆ ಬೋಳಿಸಿಕೊಂಡವರು, ತೆಂಗಿನ ಸಸಿ ಹೊತ್ತವರು, ಮಕ್ಕಳಾಗಲೆಂದು ಪುಟ್ಟ ತೊಟ್ಟಿಲು ಕಟ್ಟುವವರು. ನಡುವೆ ಜರಿ ಸೀರೆ ಉಟ್ಟು ಮಲ್ಲಿಗೆ ಮುಡಿದು ನಿಂತ ಮಾತೆ, ಯೇಸುವಿನ ತಾಯಿ. ಜಯರಾಮಯ್ಯನವರು ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಇದನ್ನೆಲ್ಲ ನೋಡಿದರು. ಎಲ್ಲ ನಮ್ಮಿಂದ ಕದ್ದದ್ದು ಎಂಬುದು ಮೊದಲ ತೀರ್ಮಾನ; ನಮ್ಮವರೇ ಹೋಗುವಾಗ ಗಂಟು ಕಟ್ಟಿಕೊಂಡು ಹೋದರೋ ಏನೋ ಎಂಬುದು ಎರಡನೆಯದು. ಅಲ್ಲಿ ಕಲ್ಲು ಬೆಂಚಿನ ಮೇಲೆ ಕೂತಿದ್ದ ಮುದಿ ಪಾದ್ರಿ ಅರುಳಾನಂದಂ ಹಿಂದೆ ಕೋಲಾರದಲ್ಲಿ ಕೆಲಸ ಮಾಡಿದ್ದವರು, ಕನ್ನಡ ಬಲ್ಲವರು. ಇವರು ಹೋಗಿ ನೇರವಾಗಿ ಕೇಳಿದರು: "ನನ್ನ ಹೆಂಡ್ತೀನ ಮತಾಂತರ ಮಾಡ್ತಿದ್ದೀರಾ?"

"ಯಾರು ಅವರು?" ಎಂದರು ಪಾದ್ರಿ. "ಇಲ್ಲಿ ಬರೋರಲ್ಲಿ ಕುಂಕುಮ ಇಟ್ಟೋರೇ ಎಷ್ಟೋ ಜನ. ನಾವು ಹೆಸರು ಕೇಳೋದಿಲ್ಲ ಸಾರ್."

"ಕೇಳದೆ ಒಳಗೆ ಬಿಡ್ತೀರಾ?" ಜಯರಾಮಯ್ಯನವರಿಗೆ ಇದು ಎಲ್ಲಕ್ಕಿಂತ ದೊಡ್ಡ ಅಪರಾಧವಾಗಿ ಕಂಡಿತು. ತಪಾಸಣೆಯಿಲ್ಲದೆ ಜನರನ್ನು ಒಳಗೆ ಬಿಡುವ ಧರ್ಮ! ಪಾದ್ರಿ ನಕ್ಕು, ನಿಮ್ಮಂಥವರೊಬ್ಬರು ನಮ್ಮಲ್ಲೂ ಇದ್ದರು, ಯೇಸುವಿನ ಶಿಷ್ಯ ತೋಮ, ಸತ್ತು ಎದ್ದು ಬಂದ ಗುರುವಿನ ಗಾಯದಲ್ಲಿ ಬೆರಳಿಟ್ಟು ನೋಡದ ಹೊರತು ನಂಬೆನೆಂದವರು. ಆ ತೋಮನೇ ನಮ್ಮನ್ನು ಹುಡುಕಿಕೊಂಡು ಸಮುದ್ರ ದಾಟಿ ಈ ಊರಿಗೆ ಬಂದು, ಇಲ್ಲೇ ಮಣ್ಣಾದರೆಂದು ನಂಬಿಕೆ, ಎಂದರು.

"ನಂಬಿಕೆ ಅಂದ್ರೆ? ದಾಖಲೆ?"

"ಅದನ್ನ ಅವರೂ ಕೇಳ್ತಿದ್ದರು" ಎಂದರು ಪಾದ್ರಿ.

ಮನೆಗೆ ಬಂದವರು ಆ ಪುಟ ತೆಗೆದರು. ಇಡೀ ಗ್ರಂಥದಲ್ಲಿ ಅವರು ಸರಿ ಗುರುತು ಹಾಕಿದ್ದು ಆ ತೋಮನೊಬ್ಬನಿಗೇ. ಮರುದಿನ ಬೆಳಗ್ಗೆ ನನ್ನ ಕಾಫಿ ಮುಗಿಯುವ ಮುನ್ನ ಬಾಗಿಲಲ್ಲಿದ್ದರು. ಗುರು ಅವನನ್ನು ಬೈಯಲಿಲ್ಲವಂತೆ. ಬಾ, ಇಡು ಬೆರಳು ಎಂದು ಗಾಯವನ್ನೇ ಮುಂದೆ ಹಿಡಿದನಂತೆ. ಅಲ್ಲಿಯವರೆಗೆ ಸರಿ. "ಆದ್ರೆ ಅವನು ಬೆರಳಿಟ್ಟ ಅಂತ ಎಲ್ಲೂ ಬರ್ದಿಲ್ಲ ಮೇಷ್ಟ್ರೇ. ನಾಕು ಸಲ ಓದ್ದೆ. ಇಡು ಅಂದ, ಅಷ್ಟೇ. ಇವನು ಮುಟ್ಟದೇನೇ ಸ್ವಾಮಿ ಅಂದ್ಬಿಟ್ಟ. ಯಾಕೆ ಮುಟ್ನಿಲ್ಲ?" ಅಷ್ಟು ಕೇಳಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ಹೊರಟುಹೋದರು.

ಜಾತ್ರೆ ಮುಗಿದ ಮೇಲಿನ ಶನಿವಾರ ಅವರು ಬೀದಿಯಷ್ಟು ಅಂತರ ಇಟ್ಟುಕೊಳ್ಳದೆ, ಹೆಂಡತಿಯ ಹಿಂದೆಯೇ ಚರ್ಚಿನ ಒಳಗೆ ಹೋದರು. ಮುಂದಿನದನ್ನು ನಾನು ಕಂಡಿಲ್ಲ, ಅವರೇ ಹೇಳಿದ್ದು. ಜಯರಾಮಯ್ಯನವರ ಎಷ್ಟೋ ಮಾತುಗಳನ್ನು ನಾನು ಅರ್ಧಕ್ಕೆ ಅರ್ಧ ಕಳೆದು ಕೇಳುತ್ತೇನೆ, ಆದರೆ ಇದನ್ನು ಹೇಳುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ.

ಪ್ರೇಮಮ್ಮ ಜರಿ ಸೀರೆಯ ಮಾತೆಯ ಕಡೆ ಹೋಗಲೇ ಇಲ್ಲವಂತೆ. ಪಕ್ಕದ ಸಣ್ಣ ಮಂಟಪದಲ್ಲಿ, ಶಿಲುಬೆಯಿಂದ ಇಳಿಸಿದ ಮಗನ ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ ಅದೇ ತಾಯಿಯ ಇನ್ನೊಂದು ಪ್ರತಿಮೆಯಿದೆ. ಅದರ ಮುಂದೆ ಒಂದು ಬತ್ತಿ ಹಚ್ಚಿ, ಕೈಮುಗಿಯದೆ, ತುಟಿ ಅಲುಗಿಸದೆ ಅಲ್ಲಿನ ಬೆಂಚಿನ ಮೇಲೆ ಸುಮ್ಮನೆ ಕೂತರಂತೆ. ಜಯರಾಮಯ್ಯನವರು ಹೋಗಿ ಪಕ್ಕದಲ್ಲಿ ಕೂತರು. ಆಕೆ ಬೆಚ್ಚಲಿಲ್ಲ.

"ಬಂದ್ರಾ" ಎಂದರು. ಆಮೇಲೆ ತಾವಾಗಿಯೇ ಹೇಳಿದರು: "ನಮ್ಮ ದೇವ್ರ ಮನೆ ತಾಯಂದ್ರೆಲ್ಲ ನಗ್ತಾ ಕೂತವ್ರೆ. ಸತ್ತ ಮಗೀನ ಮಡ್ಲಲ್ಲಿ ಇಟ್ಕೊಂಡು ಕೂತೋಳು ಇವಳೊಬ್ಳೆಯಾ ನಾನು ಕಂಡಿರೋದು."

ಅಂಬತ್ತೂರಿಗೆ ಬಂದ ಮೊದಲ ವರ್ಷ, ಗಗನಾ ಹುಟ್ಟುವುದಕ್ಕೆ ಬಹಳ ಮುಂಚೆ, ಅವರಿಗೊಂದು ಗಂಡುಮಗು ಹುಟ್ಟಿ ಹನ್ನೊಂದನೆಯ ದಿನ ಬೆಳಗ್ಗೆ ತೀರಿಹೋಗಿತ್ತು. ಅದನ್ನು ನಾನು ಮೊದಲು ಕೇಳಿದ್ದೇ ಅವರು ಇದನ್ನು ಹೇಳಿದಾಗ. ಜ್ವರವಿರಲಿಲ್ಲ, ಕಾಯಿಲೆಯಿರಲಿಲ್ಲ, ಮಲಗಿದ್ದು ಏಳಲಿಲ್ಲ.

"ಅವತ್ತು ನೀವೇನ್ ಕೇಳುದ್ರಿ, ಗ್ಯಾಪ್ಕ ಇದ್ದದಾ?" ಎಂದರಂತೆ ಪ್ರೇಮಮ್ಮ, ಪ್ರತಿಮೆಯ ಕಡೆಗೇ ನೋಡುತ್ತ. "ಎಷ್ಟು ಗಂಟೆಗೆ ಹಾಲು ಕೊಟ್ಟೆ, ಯಾವ ಮಗ್ಗುಲಿಗೆ ಮಲುಗ್ಸಿದ್ದೆ, ನೀನು ನಿದ್ದೆ ಹೋಗಿದ್ದೆಯಾ? ಜನದ ಮುಂದೆ ಮೂರು ಸಲ ಕೇಳುದ್ರಿ. ನಾನು ಮೂರು ಸಲಾನೂ ಹೇಳ್ದೆ. ಇವಳನ್ನ ಯಾರಾದ್ರೂ ಹಂಗೆ ಕೇಳವ್ರಾ?"

ಜ್ಞಾಪಕ ಇತ್ತು. ಒಂದೊಂದು ಪ್ರಶ್ನೆಯೂ ಇತ್ತು. ಅವು ಸಂಕಟದ ಪ್ರಶ್ನೆಗಳಾಗಿದ್ದವು, ಅವರಿಗೆ ಬೇರೆ ವಿಧದಲ್ಲಿ ಅಳಲು ಬರುತ್ತಿರಲಿಲ್ಲ ಎಂದು ಆ ಬೆಂಚಿನ ಮೇಲೆ ಹೇಳಬಹುದಿತ್ತು. ಬದಲಿಗೆ ಬಾಯಿಗೆ ಬಂದದ್ದು ಜೂನಿನಿಂದ ಎದೆಯಲ್ಲಿ ಹೊತ್ತು ತಿರುಗುತ್ತಿದ್ದ ಅದೊಂದೇ ಮಾತು: "ನೀನು ಇವರಿಗೆ ಸೇರ್ಬಿಟ್ಯಾ ಪ್ರೇಮಾ? ನಾಳೆ ನಿನ್ನ ಹೂಳ್ತಾರಾ?"

ಪ್ರೇಮಮ್ಮ ಆಗ ಮೊದಲ ಬಾರಿಗೆ ಗಂಡನ ಕಡೆ ತಿರುಗಿದರು. "ನಮ್ಮ ಮಗೀನೂ ಹೂಳಿದ್ದೇ ಅಲ್ವಾ?" ಎಂದರು. "ಅಷ್ಟು ಚಿಕ್ಕ ಮಕ್ಕಳನ್ನ ಸುಡಬಾರ್ದು ಅಂತ ನೀವೇ ಎತ್ಕೊಂಡ್ಹೋಗಿ ಮಣ್ಣು ಮಾಡ್ಬಂದ್ರಿ. ಎಲ್ಲಿ ಅಂತ ನಂಗೆ ಇವತ್ತಿಗೂ ತೋರಿಸ್ನಿಲ್ಲ."

ಆ ಜಾಗದ ಮೇಲೆ ಈಗ ಕಾರ್ಖಾನೆಯ ಗೋದಾಮು ನಿಂತಿದೆ. ನಿವೃತ್ತಿಯಾಗುವವರೆಗೆ ದಿನವೂ ಅದರ ಮುಂದೆ ಬಸ್ಸಿಳಿದು, ತಲೆಯೆತ್ತದೆ ದಾಟಿಹೋಗುತ್ತಿದ್ದರಂತೆ. ಮರುದಿನ ಭಾನುವಾರ ಇಬ್ಬರೂ ಆಟೋ ಮಾಡಿಕೊಂಡು ಅಂಬತ್ತೂರಿಗೆ ಹೋದದ್ದನ್ನು ಮಾತ್ರ ನಾನೇ ಬಾಲ್ಕನಿಯಿಂದ ಕಂಡೆ. ಪ್ರೇಮಮ್ಮನ ಕೈಯಲ್ಲಿ ಒಂದು ಮೊಳ ಮಲ್ಲಿಗೆ ಇತ್ತು. ಸಂಜೆ ಬರಿಗೈಯಲ್ಲಿ ಬಂದರು. ಆಕೆ ಮತ ಬದಲಿಸಿದ್ದಾರೋ ಇಲ್ಲವೋ ಜಯರಾಮಯ್ಯನವರಿಗೆ ಇಂದಿಗೂ ಗೊತ್ತಿಲ್ಲ, ಮತ್ತೆ ಕೇಳಿಯೂ ಇಲ್ಲ. ನಾನು ಕೆದಕಿದಾಗ, "ಅದು ಅವಳ ಇಷ್ಟ ಮೇಷ್ಟ್ರೇ" ಎಂದರು. ಅವರ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಸಂಶಯ ಪ್ರಕೃತಿಯವರನ್ನು ನಾವು ನಂಬಿಕೆಯಿಲ್ಲದವರೆಂದು ಹಗುರಾಗಿ ತಳ್ಳಿಬಿಡುತ್ತೇವೆ. ನನಗೆ ಈಗ ಹಾಗನ್ನಿಸುವುದಿಲ್ಲ. ದೇವರು, ಗ್ರಂಥ, ಪುರೋಹಿತ, ಪಾದ್ರಿ ಎಲ್ಲರನ್ನೂ ನಿಲ್ಲಿಸಿ ಪ್ರಶ್ನೆ ಕೇಳುವ ಈ ಜನ ಲೋಕವನ್ನೆಲ್ಲ ಅಳೆಯುತ್ತ ತಿರುಗುವುದು, ತಾವೇ ಮಣ್ಣು ಮುಚ್ಚಿ ಬಂದ ಒಂದೇ ಒಂದು ಜಾಗದ ಕಡೆ ಹೋಗಬೇಕಾಗುತ್ತದಲ್ಲಾ ಎಂಬ ಭಯಕ್ಕೆ. ಅಲ್ಲಿಗೆ ಅವರ ಕೈಹಿಡಿದು ಕರೆದುಕೊಂಡು ಹೋಗಲು, ಅವರು ಯಾರನ್ನು ಹೆಚ್ಚು ನೋಯಿಸಿದ್ದಾರೋ ಅವರೇ ಬರಬೇಕು.