ಮಂದ ಸದ್ದಿನ ಕಾಯಿ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬಂದರಿನ ಗೋದಾಮಿನಿಂದ ಫೋನ್ ಬಂತು. ತಿಪಟೂರಿನಿಂದ ರೈಲಿನಲ್ಲಿ ಹೋಗಿದ್ದ ಕಂಟೇನರ್ ತೆರೆದಾಗ ಕೊಬ್ಬರಿಗೆ ಬೂಷ್ಟು ಹಿಡಿದಿತ್ತು.

ಫೋನ್ ತೆಗೆದುಕೊಂಡವಳು ಯೋಗಿತಾ, ಬಿಳಿಗೆರೆ ಸುತ್ತಿನ ತೆಂಗು ಬೆಳೆಗಾರರು ಸೇರಿ ಕಟ್ಟಿಕೊಂಡ ಕಂಪನಿಯ ಕಾರ್ಯದರ್ಶಿ. ಮಾತು ಮುಗಿಸಿ, ಎದುರು ಕುಳಿತಿದ್ದ ಕಲ್ಲೇಶನಿಗೆ ವಿಷಯ ಹೇಳಿದಳು. ಬಾಗಿಲ ಕಡೆಯ ಚೀಲಗಳು ಪೂರಾ ಕೆಟ್ಟಿವೆ, ಒಳಗಿನವಕ್ಕೂ ವಾಸನೆ ಹತ್ತಿದೆ, ಹಡಗಿಗೆ ಏರಿಸುವುದಿಲ್ಲವಂತೆ. ಯಾರ ಚೀಲ ಎಂದು ಕಲ್ಲೇಶ ಕೇಳಲಿಲ್ಲ. ಬಾಗಿಲ ಕಡೆ ಕೊನೆಗೆ ತುಂಬಿದ ಚೀಲಗಳು ತನ್ನ ಸೋದರತ್ತೆ ಹಾಲಮ್ಮನ ಮನೆಯವು ಎಂಬುದು ಅವನಿಗೆ ಗೊತ್ತಿತ್ತು.

ಕಾಯಿಯ ಸದ್ದು ನೋಡುವುದು ಕಂಪನಿಯಲ್ಲಿ ಕಲ್ಲೇಶನ ಕೆಲಸ. ಈ ಸೀಮೆಯಲ್ಲಿ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗಲು ಬಿಡುತ್ತಾರೆ. ಒಳಗೆ ನೀರಿರುವಷ್ಟು ದಿನ ಕುಲುಕಿದರೆ ನೀರಿನ ಸದ್ದು. ನೀರು ಇಂಗಿದ ಮೇಲೆ ಸದ್ದೇ ಇಲ್ಲ. ಪೂರ್ತಿ ಒಣಗಿದಾಗ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ, ಕುಲುಕಿದರೆ ಲೊಟಲೊಟ ಬಡಿಯುತ್ತದೆ. ಆ ಸದ್ದು ಬಂದ ಕಾಯಿಯನ್ನು ಒಡೆಯಬಹುದು. ಸದ್ದು ಮಂದವಾಗಿದ್ದರೆ ಉಂಡೆ ಬಿಟ್ಟಿದ್ದರೂ ಹೊಟ್ಟೆಯಲ್ಲಿ ತೇವ ಉಳಿದಿದೆ ಎಂದು ಅರ್ಥ. ಅಂಥದ್ದು ಅಟ್ಟಕ್ಕೆ ವಾಪಸ್. ಕಲ್ಲೇಶನ ಕಿವಿ ಈ ವಿಷಯದಲ್ಲಿ ತಪ್ಪುವುದಿಲ್ಲ ಎಂದು ಹತ್ತು ಹಳ್ಳಿಯವರು ನಂಬಿದ್ದರು.

ರೈಲಿನ ಯೋಚನೆ ಯೋಗಿತಾಳದು. ಹಿಂದಿನ ವರ್ಷ ಕೊಬ್ಬರಿ ಲಾರಿಯಲ್ಲಿ ಹೋಗಿತ್ತು. ಹೆದ್ದಾರಿಯ ಕಾಮಗಾರಿಯಿಂದ ತುಮಕೂರು ದಾಟುವುದರೊಳಗೆ ಅರ್ಧ ದಿನ ಹಾಳಾಯಿತು. ಬಂದರಿನ ಗೇಟಿನ ಮುಂದೆ ಲಾರಿಗಳ ಸಾಲು ಊರಾಚೆಯವರೆಗೆ ಇತ್ತು. ಸರದಿ ಬರುವ ಹೊತ್ತಿಗೆ ಹಡಗು ಹೋಗಿತ್ತು. ರೈಲಿನ ಕಂಟೇನರ್ ಆ ಸಾಲಿನಲ್ಲಿ ನಿಲ್ಲಬೇಕಿಲ್ಲ, ಹಳಿ ಬಂದರಿನೊಳಕ್ಕೇ ಹೋಗುತ್ತದೆ. ಅವಳು ಒಂದು ವರ್ಷ ಕಚೇರಿಗಳಿಗೆ ಅಲೆದು, ತಿಪಟೂರಿನ ಗೂಡ್ಸ್ ಶೆಡ್ಡಿನಿಂದಲೇ ಕಂಟೇನರ್ ಹೊರಡುವ ಏರ್ಪಾಡು ಮಾಡಿದ್ದಳು.

ಅದರಲ್ಲಿ ಒಂದೇ ತೊಡಕಿತ್ತು. ಲಾರಿಯಾದರೆ ಕಾಯುತ್ತದೆ. ಡ್ರೈವರ್ ತೋಟದ ನೆರಳಲ್ಲಿ ಮಲಗಿರುತ್ತಾನೆ, ಮಧ್ಯಾಹ್ನ ಮನೆಯವರ ಜೊತೆ ಮುದ್ದೆ ಉಣ್ಣುತ್ತಾನೆ, ಕೊನೆಯ ಚೀಲ ಮಾರನೆಯ ದಿನ ಬಂದರೂ ಹೇರಿಕೊಂಡು ಹೊರಡುತ್ತಾನೆ. ಕಾಯಿ ಒಣಗಿದಾಗ ಲಾರಿಯನ್ನು ಕರೆಸಿಯೇ ಎಲ್ಲರಿಗೂ ರೂಢಿ. ಗೂಡ್ಸ್ ರೈಲು ಹೇಳಿದ ದಿನಕ್ಕೆ ಬರುತ್ತದೆ, ಹೇಳಿದ ಹೊತ್ತಿಗೆ ಹೊರಡುತ್ತದೆ. ತಪ್ಪಿದರೆ ಮುಂದಿನದು ಹದಿನೈದು ದಿನಕ್ಕೆ.

ಕಂಟೇನರ್ ತುಂಬಿಸಿಕೊಡುವುದಾಗಿ ಕಲ್ಲೇಶ ಒಪ್ಪಿಕೊಂಡಿದ್ದ. ರೈಲು ಬರುವ ಹಿಂದಿನ ದಿನ, ಸಂಪಿಗೆ ಊರಿನ ಕಡೆಯ ಇಬ್ಬರು ರೈತರು ಮಾರುಕಟ್ಟೆಯಲ್ಲಿ ಧಾರಣೆ ಏರಿತೆಂದು ತಮ್ಮ ಕೊಬ್ಬರಿಯನ್ನು ಅಲ್ಲಿಗೇ ಹಾಕಿಬಿಟ್ಟರು. ಕಂಟೇನರಿಗೆ ಅಷ್ಟು ಚೀಲ ಕಡಿಮೆ ಬಿತ್ತು. ಕಲ್ಲೇಶ ನೇರ ಅತ್ತೆಯ ಮನೆಗೆ ಹೋದ. ಸುಲಿದ ಕಾಯಿ ಅಂಗಳದಲ್ಲಿ ಎರಡು ರಾಶಿಯಾಗಿ ಬಿದ್ದಿತ್ತು. ಮೊದಲ ರಾಶಿಯ ಸದ್ದು ಚೆನ್ನಾಗಿತ್ತು. ಎರಡನೆಯದರಲ್ಲಿ ಯಾವುದನ್ನು ಕುಲುಕಿದರೂ ಮಂದ ಸದ್ದು.

"ಅವು ಮೇಲಿನ ಪದರದವು ಕಣಪ್ಪ, ಒಲೆ ಹೊಗೆ ಸರಿಯಾಗಿ ತಾಗಿಲ್ಲ. ಇನ್ನೆರಡು ತಿಂಗ್ಳು ಮತ್ತೆ ಅಟ್ಟದಲ್ಲೇ ಇರ್ಲಿ ಬುಡು," ಎಂದಳು ಹಾಲಮ್ಮ.

"ಆಗೋಗವೆ ಅತ್ತೆ. ಸದ್ದು ಸರಿಯಾಗೇ ಕೇಳ್ತೈತೆ."

ಅವಳು ಒಂದು ಕಾಯಿ ಎತ್ತಿ ತನ್ನ ಕಿವಿಯ ಹತ್ತಿರ ಕುಲುಕಿದಳು. ಕೆಳಗಿಟ್ಟಳು. ನಿನಗೆ ಕೇಳಿದರೆ ಸರಿ ಎಂದು, ಕಾಯಿ ಒಡೆಯುವ ಹೆಂಗಸರಿಗೆ ಎರಡನೆಯ ರಾಶಿಯನ್ನೂ ತೋರಿಸಿದಳು. ತಾನು ಆಡಿದ್ದು ಸುಳ್ಳು ಎಂಬುದು ಆಡುವಾಗಲೇ ಕಲ್ಲೇಶನಿಗೆ ತಿಳಿದಿತ್ತು. ಮಾರನೆಯ ದಿನ ಕಂಟೇನರ್ ತುಂಬಿ ಹೋಯಿತು. ಗೂಡ್ಸ್ ಶೆಡ್ಡಿನಲ್ಲಿ ಯೋಗಿತಾ ಎಲ್ಲರಿಗೂ ಖಾರಾ ಬೂಂದಿ ಹಂಚಿದಳು. ಅವನೂ ತಿಂದ.

ಫೋನ್ ಬಂದ ಮೂರನೆಯ ದಿನ ಸದಸ್ಯರ ಸಭೆ ಸೇರಿತು. ಕಬ್ಬಿಣದ ಡಬ್ಬದೊಳಗೆ ಬೆವರು ಇಳಿಯುತ್ತದೆ, ಬಾಗಿಲ ಕಡೆ ಇನ್ನೂ ಹೆಚ್ಚು ಎಂದು ಬಂದರಿನವರು ಹೇಳಿದ್ದರಿಂದ ಕೆಟ್ಟ ಚೀಲ ಯಾರದು ಎಂದು ಯಾರೂ ವಿಚಾರಿಸಲಿಲ್ಲ. ತೋಟದ ಜೊತೆಗೆ ಎರಡು ಲಾರಿಗಳನ್ನೂ ಇಟ್ಟುಕೊಂಡಿದ್ದ ಹುಚ್ಚಣ್ಣ ಮೊದಲು ಮಾತಾಡಿದ.

"ಗಾಳಿ ಆಡದ ಡಬ್ಬಕ್ಕೆ ತುಂಬಿ ಬಾಗ್ಲು ಹಾಕಿದ್ರೆ ಕೊಬ್ರಿ ಏನಾಯ್ತದೆ, ಇಡ್ಲಿ ಹಂಗೆ ಬೇಯ್ತದೆ. ನನ್ ಲಾರಿ ತಡ ಆಗಿರಬೌದು ಕಣವ್ವ, ಕೊಬ್ರಿ ಕೊಳೆಸಿಲ್ಲ."

ಕೆಲವರು ನಕ್ಕರು. ಯೋಗಿತಾ ನಗಲಿಲ್ಲ. ತೇವ ಹೀರುವ ಪೊಟ್ಟಣಗಳನ್ನು ಕಂಟೇನರಿನೊಳಗೆ ತಾನೇ ತೂಗುಹಾಕಿಸಿದ್ದಾಗಿಯೂ ಅವು ಸಾಲಲಿಲ್ಲವೇನೋ ಎಂದೂ ಹೇಳಿದಳು. ರೈಲು ಬೇಡ ಎನ್ನುವುದಾದರೆ ಬಿಟ್ಟುಬಿಡೋಣ, ತಪ್ಪು ತನ್ನದೇ, ಕಾರ್ಯದರ್ಶಿಯ ಕೆಲಸವನ್ನೂ ಬಿಡುತ್ತೇನೆ ಎಂದಳು.

ಕಾಯಿ ಒಣಗಿರಲಿಲ್ಲ ಎಂಬ ಒಂದು ಮಾತು ಸಾಕಿತ್ತು. ಬೈಕಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕಲ್ಲೇಶ ಅದನ್ನೇ ಹೇಳಿಕೊಂಡು ಬಂದಿದ್ದ. ಹುಚ್ಚಣ್ಣನೇ ಅವನ ಕಡೆ ತಿರುಗಿದ.

"ನೀನೇ ಹೇಳಪ್ಪ ಕಲ್ಲೇಶ. ಕಿವಿ ಕೊಟ್ಟು ನೋಡ್ದೋನು ನೀನು. ಕಾಯಿ ಸರಿ ಇತ್ತು ತಾನೆ?"

"ನಾನು ನೋಡಿದ್ದು ಸರಿ ಇತ್ತು," ಎಂದ ಕಲ್ಲೇಶ.

ಹಾಗಾದರೆ ಡಬ್ಬದ್ದೇ ತಪ್ಪು, ಇನ್ನು ಲಾರಿಯೇ ಸೈ ಎಂದು ಹಿಂದಿನಿಂದ ಯಾರೋ ಅಂದರು. ಆಗ ಹಾಲಮ್ಮ ಎದ್ದು ನಿಂತಳು. ಸಭೆಗಳಿಗೆ ಬಂದರೂ ಅವಳು ಅಲ್ಲಿಯವರೆಗೆ ಮಾತಾಡಿದ್ದಿಲ್ಲ.

"ರೈಲಿಂದೇನೂ ತಪ್ಪಿಲ್ಲ. ಬಾಗ್ಲತ್ರ ಇದ್ದದ್ದು ನಮ್ಮನೆ ಚೀಲ. ಕಲ್ಲೇಶ ನೋಡಿ ಹೋದ್ಮೇಲೆ ಮಂದ ಸದ್ದಿನವ್ನ ನಾನೇ ಬೆರೆಸ್ದೆ. ಆ ಹುಡುಗಿನ ಯಾಕಂತೀರಿ."

ಹುಚ್ಚಣ್ಣ ಅವಳ ಕಡೆ ತಿರುಗಿದ. ನಿನ್ನ ಅಟ್ಟದ ಹೆಸರು ಹೇಳಿಕೊಂಡು ನಮ್ಮ ಕಾಯಿ ಮಾರುತ್ತಿದ್ದೆವಲ್ಲ ಹಾಲಮ್ಮಕ್ಕ ಎಂದ. ಅದರಲ್ಲಿ ಗೇಲಿ ಇರಲಿಲ್ಲ. ಸಭೆ ಎರಡು ತೀರ್ಮಾನ ಮಾಡಿತು. ಕೊಬ್ಬರಿ ರೈಲಿನಲ್ಲೇ ಹೋಗಬೇಕು. ಒಂದು ವರ್ಷ ಹಾಲಮ್ಮನ ಕೊಬ್ಬರಿಯನ್ನು ಕಂಪನಿ ತೆಗೆದುಕೊಳ್ಳಬಾರದು. ಒಪ್ಪಿದವರು ಕೈ ಎತ್ತಿ ಎಂದಾಗ ಎಲ್ಲರೂ ಎತ್ತಿದರು. ಎಲ್ಲರೂ ಎತ್ತಿದ ಮೇಲೆ ಕಲ್ಲೇಶನೂ ಎತ್ತಿದ. ಹಾಲಮ್ಮ ಅವನ ಕೈಯನ್ನು ನೋಡಿದಳು.

ಸಂಜೆ ಅವನು ಅತ್ತೆಯ ಮನೆಗೆ ಹೋದಾಗ ಅವಳು ಹಸುವಿಗೆ ಕಲಗಚ್ಚು ಇಡುತ್ತಿದ್ದಳು. ಅವನು ಕೊಟ್ಟಿಗೆಯ ಬಾಗಿಲಲ್ಲೇ ನಿಂತ.

"ಹಂಗ್ಯಾಕಂದೆ ಅತ್ತೆ?"

"ನಿನ್ ಮೊಕ ನೋಡ್ದೆ. ನೀನು ಹೇಳಲ್ಲ ಅಂತ ಗೊತ್ತಾಯ್ತು. ಯಾರಾನ ಹೇಳ್ಬೇಕಿತ್ತಲ್ಲ. ಆ ಹುಡುಗಿ ಒಂದ್ ವರ್ಷ ತಿರುಗವ್ಳೆ."

"ನಾಳೆ ಹೋಗಿ ಇದ್ದದ್ದು ಹೇಳ್ತೀನಿ."

"ಹೇಳೋದಾದ್ರೆ ಹೇಳು. ನನ್ ಮುಂದೆ ಹೇಳ್ತೀನಿ ಅನ್ಬೇಡ ಕಣ್ಲಾ, ಆಸೆಯಾಯ್ತದೆ."

ಅವಳು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು, ಬಂದಾಗಲೆಲ್ಲ ಕೊಡುವಂತೆ. ಅವನು ಕುಡಿದು ಲೋಟ ತೊಳೆದು ಇಟ್ಟ. ಅಟ್ಟದ ಏಣಿ ಗೋಡೆಗೆ ಒರಗಿಕೊಂಡಿತ್ತು.

ಮಾರನೆಯ ಬೆಳಿಗ್ಗೆ ಕಲ್ಲೇಶ ಕಚೇರಿಗೆ ಹೋದ. ಯೋಗಿತಾ ಅವನಿಗೂ ಟೀ ತರಿಸಿದಳು. ಹಾಲಮ್ಮನವರು ಹಾಗೆ ಮಾಡಬಾರದಿತ್ತು ಕಲ್ಲೇಶಣ್ಣ, ಆದರೆ ಎದ್ದು ಒಪ್ಪಿಕೊಂಡದ್ದು ದೊಡ್ಡ ಗುಣ ಎಂದಳು. ಮುಂದಿನ ಕಂಟೇನರಿಗೆ ಒಂದೊಂದು ಮನೆಯ ಕಾಯಿಯನ್ನೂ ನೀವು ಎರಡೆರಡು ಸಲ ನೋಡಬೇಕು, ನಿಮ್ಮ ಕಿವಿಯನ್ನು ನಂಬಿಯೇ ರೈಲಿನವರಿಗೆ ಮಾತು ಕೊಟ್ಟಿದ್ದೇನೆ ಎಂದೂ ಸೇರಿಸಿದಳು. ಕಲ್ಲೇಶ ಹೂಂ ಎಂದ. ಟೀ ಮುಗಿಸಿ ಎದ್ದು ಹೊರಟ.

ಎರಡು ವಾರದ ಮೇಲೆ ಮುಂದಿನ ಕಂಟೇನರ್ ಹೊರಟಿತು. ಬಂದರಿನಲ್ಲಿ ತೆರೆದಾಗ ಕೊಬ್ಬರಿ ತುಂಬಿದಾಗಿನಂತೆಯೇ ಒಣಗಿತ್ತು, ಹಡಗು ಹತ್ತಿತು. ಹಾಲಮ್ಮನ ಮನೆಯಲ್ಲಿ ಉಳಿದಿದ್ದ ಕೊಬ್ಬರಿ ಹುಚ್ಚಣ್ಣನ ಲಾರಿಯಲ್ಲಿ ತಿಪಟೂರು ಮಾರುಕಟ್ಟೆಗೆ ಹೋಯಿತು.