ನೀಲಿ ಹಾರದಂತೆ

"ಫ್ಯಾನ್ ಆರಿಸೇ ಮೊದಲು!" ಅಕ್ಕ ಕೂಗಿದಳು.

ತಂಗಿ ಓಡಿಹೋಗಿ ಸ್ವಿಚ್ ಒತ್ತುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಮೇಜಿನ ಮೇಲಿದ್ದ ಮೊಳದುದ್ದದ ಮಾದರಿ ಹಡಗಿನ ತಳಕ್ಕೆ ಬೀಳಬೇಕಿದ್ದ ನೀಲಿ ಬಣ್ಣ ಮಂಜಿನಂತೆ ಹಾರಿ, ಮೇಲಿನ ಬಿಳಿ ಕೋಣೆಗಳ ಮೇಲೆ ಕೂತಿತ್ತು.

ತಪ್ಪು ಫ್ಯಾನಿನದಷ್ಟೇ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಪಾರ್ಶ್ವವಾಯು ಬಡಿದ ಮೇಲೆ ಅಕ್ಕನ ಬಲಗೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಗಾಳಿಯ ಒತ್ತಡದಿಂದ ಬಣ್ಣ ಚಿಮ್ಮಿಸುವ ಪೆನ್ನು ಚೂರು ನಡುಗಿದರೂ ಬಣ್ಣ ಎತ್ತಲೋ ಹೋಗುತ್ತಿತ್ತು. ಹಡಗಿನ ಮಾದರಿ ಮಾಡುವುದೇ ವೃತ್ತಿಯಾಗಿದ್ದ ಅವಳಿಗೆ ಕಾಯಿಲೆಯಿಂದ ಎದ್ದ ಮೇಲೆ ಇದು ಮೊದಲ ಕೆಲಸ. ತಮ್ಮ ಹಳೆಯ ಹಡಗಿನ ಮಾದರಿ ಕೇಳಲು ಬಂದ ಬಂದರು ಕಚೇರಿಯವರು, "ಕಷ್ಟವಾದರೆ ಬೇಡ ಬಿಡಿ ಮೇಡಂ, ಬೇರೆಯವರಿಗೆ ಹೇಳ್ತೀವಿ," ಎಂದಿದ್ದರು. ಆ ಮರುಕವೇ ಅವಳಿಗೆ ಚುಚ್ಚಿದ್ದು.

"ಕೊಡಕ್ಕ, ನಾನು ಹೊಡೀತೀನಿ." ತಂಗಿಯದು ಬ್ಯೂಟಿ ಪಾರ್ಲರು, ಅವಳ ಕೈ ನಡುಗುತ್ತಿರಲಿಲ್ಲ.

"ನೀನು ಹೊಡೆದ್ರೆ ಹಡಗಿಗೆ ತಲೆಬಣ್ಣ ಹಚ್ಚಿದ ಹಾಗಿರುತ್ತೆ. ಒದ್ದೆ ಹತ್ತಿ ಕೊಡು."

ನೀಲಿ ಆರುವ ಮುಂಚೆಯೇ ಅಕ್ಕ ಎಡಗೈಯಲ್ಲಿ ಒಂದೊಂದೇ ಕಿಟಕಿ ಒರೆಸಿದಳು. ಆಮೇಲೆ ಕೂತು, ಹಡಗನ್ನು ಮೇಜಿನ ಮೇಲೆ ಹಿಂದೆ ಮುಂದೆ ಜಾರಿಸಿ ನೋಡಿದಳು.

"ಅಲ್ಲ ಕಣೇ, ಕೈಯೇ ಯಾಕೆ ಓಡಾಡಬೇಕು? ಹಡಗು ಓಡಾಡಲಿ. ಅದರ ಕೆಲಸವೇ ಅದಲ್ವಾ?"

ತಂಗಿಗೆ ನಗು ತಡೆಯಲಾಗಲಿಲ್ಲ. ಅಕ್ಕ ಹೇಳಿದಂತೆ ಪೆನ್ನನ್ನು ಮೇಜಿನ ಅಂಚಿಗೆ ಕ್ಲ್ಯಾಂಪಿನಿಂದ ಬಿಗಿದಳು. ಹಡಗನ್ನು ಹಲಗೆಯ ಮೇಲಿಟ್ಟು, ಹಲಗೆ ನೇರ ಜಾರುವಂತೆ ಎರಡು ಪಟ್ಟಿ ಅಂಟಿಸಿದಳು. ಬಿಳಿ ಭಾಗಕ್ಕೆ ಕಾಗದ ಸುತ್ತಿ ಟೇಪು ಅಂಟಿಸಿದಳು; ಟೇಪಿನ ಅಂಚನ್ನು ಅಕ್ಕನೇ ಎಡಗೈ ಉಗುರಿನಿಂದ ಇಂಚಿಂಚೂ ಒತ್ತಿದಳು. ಗಾಳಿಯ ಒತ್ತಡ ತಗ್ಗಿಸಿ, ಪೆನ್ನಿನ ಮೂತಿಯನ್ನು ಹಡಗಿನ ಹತ್ತಿರಕ್ಕೆ ತರಿಸಿದಳು.

"ದೂರದಿಂದ ಜೋರಾಗಿ ಊದಿದ್ರೆ ಊರೆಲ್ಲ ನೀಲಿ. ಹತ್ತಿರದಿಂದ ಮೆಲ್ಲಗೆ ಊದಿದ್ರೆ ಹೇಳಿದಲ್ಲೇ ಕೂರುತ್ತೆ."

ಬಲಗೈಗೆ ಈಗ ಗುಂಡಿ ಒತ್ತುವ ಕೆಲಸವಷ್ಟೇ. ಎಡಗೈ ಹಲಗೆಯನ್ನು ತಳ್ಳಿತು. ಹಡಗು ಪೆನ್ನಿನ ಮುಂದೆ ನಿಧಾನವಾಗಿ ಹಾದುಹೋಯಿತು; ತೆಳುವಾದ ನೀಲಿ ಪೊರೆ ಹಿಂದೆಯೇ ಮೂಡಿತು. ಆರಲು ಬಿಟ್ಟು ಮತ್ತೆ, ಇನ್ನೊಮ್ಮೆ. ಇಷ್ಟು ವರ್ಷ ಅಕ್ಕನ ಕೆಲಸ ನೋಡಿದ್ದ ತಂಗಿ ಇಂಥದ್ದನ್ನು ನೋಡಿರಲಿಲ್ಲ. ಕಣ್ಣು ಕೀಳದೆ ನಿಂತಳು.

ಕೊನೆಗೆ ಅಕ್ಕ ಟೇಪು ಎಳೆದಳು. ನೀಲಿಗೂ ಬಿಳಿಗೂ ನಡುವೆ ದಾರ ಹಿಡಿದಂತೆ ಗೆರೆ. ಒಂದು ಚುಕ್ಕೆಯೂ ಆಚೆ ಹಾರಿರಲಿಲ್ಲ.

"ಅಯ್ಯೋ ಅಕ್ಕಾ..." ಎಂದಳು ತಂಗಿ.

ಅಕ್ಕನ ಬಲಗೈಯ ತೋರುಬೆರಳು, ಪೆನ್ನಿನ ಗುಂಡಿ ಇನ್ನೂ ಅಡಿಯಲ್ಲೇ ಇದ್ದಂತೆ, ಮೇಜಿನ ಮೇಲೆ ಮೆಲ್ಲಗೆ ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು.