ಗಾಳಿಯಲ್ಲಿ ಹಿಡಿದ ಟೇಪು

ನಾನು ಬಟ್ಟೆ ಹೊಲಿಯುವವಳು. ಇಪ್ಪತ್ತೆರಡು ವರ್ಷದಿಂದ ಟೇಪು ಕೊರಳಲ್ಲೇ ಇದೆ. ಅದನ್ನು ತೆಗೆಯಲು ಮರೆತು ತರಕಾರಿಗೆ ಹೋಗಿ ಎಷ್ಟೋ ಸಲ ನಗೆಪಾಟಲಾಗಿದ್ದೇನೆ. ಶನಿವಾರ ಸಂಜೆ ಮಾತ್ರ ಮಷಿನ್ನಿಗೆ ಮುಸುಕು ಹಾಕಿ ಗ್ರಂಥಾಲಯದ ಮಹಡಿಗೆ ಹೋಗುತ್ತೇನೆ. ಅಲ್ಲಿ ನಮ್ಮ ಹುಡುಗಿಯರ ಬಳಗ ಸೇರುತ್ತದೆ. ಹದಿನಾರು ಜನ, ಹದಿನಾರು ಬಾಯಿ, ಎಲ್ಲರಿಗೂ ನಾನೊಬ್ಬಳೇ ಅಕ್ಕ. ‘ಇಲ್ಲಿ ಎಲ್ಲರಿಗೂ ಜಾಗವಿದೆ’ ಎಂದು ಬಣ್ಣಬಣ್ಣದ ಚೂರುಬಟ್ಟೆಗಳಲ್ಲಿ ಅಕ್ಷರ ಹೊಲಿದು ಬ್ಯಾನರು ಮಾಡಿದವಳೂ ನಾನೇ. ನೋಡಿದವರು ಹೊಗಳಿದಾಗ ಪೂರಿಯಂತೆ ಉಬ್ಬಿದವಳೂ ನಾನೇ.

ಹೊಸ ಹುಡುಗಿಯನ್ನು ಅವಳ ಅಮ್ಮ ಕರೆದುಕೊಂಡು ಬಂದರು. ಆ ತಾಯಿಗೆ ಆಸ್ಪತ್ರೆಯಲ್ಲಿ ಹಾಸಿಗೆಬಟ್ಟೆ ಒಗೆಯುವ ಕೆಲಸ. ಹುಡುಗಿಯ ಕತ್ತು, ಮುಂಗೈ, ತುಟಿಯ ಅಂಚಿನಲ್ಲೆಲ್ಲ ಹಾಲು ಚೆಲ್ಲಿದಂಥ ಬಿಳಿ ಮಚ್ಚೆಗಳು.

“ಇದು ಅಂಟೋದಲ್ಲಮ್ಮ, ಡಾಕ್ಟ್ರೇ ಹೇಳಿದಾರೆ,” ಎಂದರು ತಾಯಿ, ಬಾಗಿಲಲ್ಲೇ ನಿಂತು.

“ಅಯ್ಯೋ, ಅದನ್ನೆಲ್ಲ ನಮ್ಮ ಹತ್ರ ಹೇಳ್ಬೇಕಾ? ನಾವು ಅಂಥೋರಲ್ಲ!” ಎಂದೆ ನಾನು, ಮಹಡಿಯೆಲ್ಲ ಕೇಳುವ ಹಾಗೆ.

ಆ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆವತ್ತೇ ಎಲ್ಲರ ಜಾಕೆಟ್ಟಿಗೆ ಅಳತೆ ತೆಗೆಯುವುದಿತ್ತು. ತಿಂಗಳ ಕೊನೆಗಿದ್ದ ಗ್ರಂಥಾಲಯದ ಮೆರವಣಿಗೆಯಲ್ಲಿ ಬಳಗದವರೆಲ್ಲ ನೀಲಿ ಜಾಕೆಟ್ ತೊಟ್ಟು ಬ್ಯಾನರು ಹಿಡಿದು ನಡೆಯಬೇಕು. ಅಳತೆಯ ಪಾಠವನ್ನು ಹುಡುಗಿಯರಿಗೆ ಬಾಯಿಪಾಠ ಮಾಡಿಸಿದ್ದೆ: ಟೇಪು ಮೈಗೆ ತಾಗಬೇಕು, ಒಳಗೆ ನಿಮ್ಮದೊಂದು ಬೆರಳು ಹೋಗಬೇಕು, ಆ ಬೆರಳೇ ಉಸಿರಾಡುವ ಜಾಗ. ಒಬ್ಬೊಬ್ಬಳಿಗೂ ಹಾಗೇ ತೆಗೆದೆ. ಕಚಗುಳಿ ಎಂದು ಕುಣಿದವರಿಗೆ ಬೆನ್ನಿಗೊಂದು ಗುದ್ದೂ ಬಿತ್ತು.

ಹೊಸಬಳು ಕೈ ಅಗಲಿಸಿ ನಿಂತಳು. ನಾನು ಟೇಪನ್ನು ಅವಳ ಮುಂದೆ, ಒಂದು ಗೇಣು ದೂರದಲ್ಲಿ, ಗಾಳಿಯಲ್ಲೇ ಹಿಡಿದೆ. ಕಣ್ಣಂದಾಜಿನಲ್ಲಿ ಒಂದು ಸಂಖ್ಯೆ ಬರೆದುಕೊಂಡೆ. ಮುಟ್ಟಿದರೆ ಮಗುವಿಗೆ ಮುಜುಗರವಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕೆಳಗಿಳಿದವಳೇ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದೆ. ಮುಟ್ಟಿಯೇ ಇರಲಿಲ್ಲ, ಆದರೂ ತೊಳೆದೆ.

ಎರಡು ವಾರದ ಮೇಲೆ ಜಾಕೆಟ್ಟುಗಳನ್ನು ಹಂಚಿ, ನಡೆಯುವ ಅಭ್ಯಾಸ ಮಾಡಿಸಿದೆ. ಬ್ಯಾನರಿನ ಒಂದು ಕೋಲನ್ನು ಹೊಸಬಳಿಗೆ ಕೊಟ್ಟಿದ್ದೆ, ಜನರಿಗೆ ಎದ್ದು ಕಾಣಲಿ ಎಂದು. ಅವಳು ಕೋಲು ಎತ್ತಿದಳು. ಪರ್ರ್ ಎಂದು ಕಂಕುಳ ಹತ್ತಿರ ಹೊಲಿಗೆ ಬಿಟ್ಟಿತು. ಹುಡುಗಿಯರು ಕಿಸಕ್ಕೆಂದರು. ನಾನು ಗಾಬರಿಯಲ್ಲಿ, “ಎರಡು ವಾರಕ್ಕೇ ಇಷ್ಟು ದಪ್ಪ ಆದ್ಯೇನೇ?” ಎಂದುಬಿಟ್ಟೆ.

ಬಳಗದಲ್ಲಿ ಎಲ್ಲರಿಗಿಂತ ಚಿಕ್ಕವಳನ್ನು ನಾವು ಗಿಣಿ ಎಂದು ಕರೆಯುತ್ತೇವೆ. ಅವಳ ಬಾಯಿಗೆ ಬೀಗವಿಲ್ಲ. “ಅವಳೇನೂ ದಪ್ಪ ಆಗಿಲ್ಲ ಅಕ್ಕಾ. ನೀವು ಟೇಪು ತಾಗಿಸ್ಲೇ ಇಲ್ವಲ್ಲ, ಗಾಳಿಗೆ ಅಳತೆ ತಗೊಂಡ್ರಿ. ಬೆರಳು ಹಾಕ್ಬೇಕು ಅಂತ ನಮಗೆ ಮಾತ್ರ ಹೇಳ್ತೀರಿ!”

ನಗು ನಿಂತಿತು. ಹದಿನಾರು ಜೋಡಿ ಕಣ್ಣು ನನ್ನ ಮೇಲೆ. ನೆಲ ಬಾಯಿಬಿಟ್ಟು ನನ್ನನ್ನು ನುಂಗಿದ್ದರೆ ಸಾಕಿತ್ತು.

ಹೊಸಬಳು ಜಾಕೆಟ್ ಕಳಚಿ, ಅಚ್ಚುಕಟ್ಟಾಗಿ ಮಡಚಿ ಬೆಂಚಿನ ಮೇಲಿಟ್ಟಳು. “ನಾನಿನ್ನು ಬರಲ್ಲ ಅಕ್ಕ. ಅಮ್ಮಂಗೆ ಡ್ರೆಸ್ ಆಗ್ಲಿಲ್ಲ ಅಂತ ಹೇಳ್ತೀನಿ, ಬೇರೆ ಏನೂ ಹೇಳಲ್ಲ.”

ನನ್ನ ಮಾನ ಕಾಯಲು ಹೊರಟಿದ್ದಳು ಹನ್ನೆರಡರ ಹುಡುಗಿ! ಅವಳು ಮೆಟ್ಟಿಲಿಳಿದರೆ ಮತ್ತೆ ಹತ್ತುವುದಿಲ್ಲ ಎಂದು ಗೊತ್ತಾಯಿತು. “ನಿಲ್ಲು ಕಣೇ,” ಎಂದೆ. “ತಪ್ಪು ನಂದು. ನಿಂಗೆ ಮುಜುಗರ ಆಗುತ್ತೆ ಅಂತ ಅಲ್ಲ, ಮುಟ್ಟೋಕೆ ಹೆದರಿದೆ. ಇನ್ನೊಂದು ಸಲ ಅಳತೆ ತಗೋತೀನಿ, ಸರಿಯಾಗಿ.”

“ಆಮೇಲೆ ಕೈ ತೊಳೀತೀರಾ?” ಕೇಳಿದಳು, ಸಿಟ್ಟಿಲ್ಲದ ದನಿಯಲ್ಲಿ. “ಆವತ್ತು ನೀರು ಕುಡಿಯೋಕೆ ನಿಮ್ಮ ಹಿಂದೇನೇ ನಿಂತಿದ್ದೆ.”

ಕೊರಳಿನ ಟೇಪು ತೆಗೆದು ಚಾಚಿದೆ, ಅಷ್ಟೆ. ಅವಳು ಅದನ್ನು ತೆಗೆದುಕೊಂಡಳು. ತೆಗೆದುಕೊಂಡವಳು ಗಿಣಿಯ ಕೈಗೆ ಕೊಟ್ಟಳು. “ಇವಳು ತಗೊಳ್ಳಲಿ. ನೀವು ಬರ್ಕೊಳ್ಳಿ.”

ಗಿಣಿ ಟೇಪಿನ ಸೆಂಟಿಮೀಟರ್ ಬದಿ ಹಿಡಿದು ಎದೆಸುತ್ತು ಎಂಬತ್ತು ಇಂಚು ಎಂದು ಕೂಗಿದಳು. “ನಾನೇನು ನೀರಿನ ಟ್ಯಾಂಕಾ?” ಎಂದು ಹೊಸಬಳೂ ನಕ್ಕಳು. ಗಿಣಿ ತಿರುಗಿಸಿ ಹಿಡಿದು, ಪುಟ್ಟ ಬೆರಳೊಂದನ್ನು ಒಳಗೆ ತೂರಿಸಿ, ಮತ್ತೆ ಓದಿದಳು. ಭುಜ, ಕಂಕುಳು, ತೋಳು. ಇಪ್ಪತ್ತೆರಡು ವರ್ಷದ ಕಸುಬಿನವಳು ನಾನು ಮೂಲೆಯಲ್ಲಿ ಕೂತು, ತಲೆಯೆತ್ತದೆ, ಮಗು ಹೇಳಿದ್ದನ್ನು ಬರೆದುಕೊಂಡೆ. ಆ ವಾರವೆಲ್ಲ ಬೇರೆ ಗಿರಾಕಿಗಳ ಕೆಲಸ ಬದಿಗಿಟ್ಟು ಹೊಸ ಬಟ್ಟೆಯಲ್ಲೇ ಕತ್ತರಿಸಿ ಹೊಲಿದೆ.

ಮೆರವಣಿಗೆಯ ದಿನ ಅವಳು ಬರುತ್ತಾಳೋ ಇಲ್ಲವೋ ಎಂದು ಮೆಟ್ಟಿಲನ್ನೇ ನೋಡುತ್ತಿದ್ದೆ. ಬಂದಳು. ಜಾಕೆಟ್ ತೊಟ್ಟು ಕೋಲು ಎತ್ತಿದಳು. ಹೊಲಿಗೆ ಬಿಡಲಿಲ್ಲ.

“ಬಿಗಿ ಇದೆಯಾ?” ಮೆಲ್ಲಗೆ ಕೇಳಿದೆ.

“ಒಂಚೂರು. ಗಿಣಿ ಬೆರಳು ಸಣ್ಣದಲ್ವಾ.”

“ಮುಂದಿನ ಸಲ ನಾನು...”

“ನೋಡೋಣ ಅಕ್ಕ,” ಎಂದು ಅವಳು ಮುಂದೆ ನಡೆದಳು. ನಾನು ಹೊಲಿದ ಅಕ್ಷರಗಳು ಅವಳ ತಲೆಯ ಮೇಲೆ ತೂಗುತ್ತಿದ್ದವು. ಅವನ್ನು ಓದುವ ಧೈರ್ಯ ನನಗಿರಲಿಲ್ಲ. ಅವಳ ಕಂಕುಳ ಹೊಲಿಗೆಯ ಮೇಲೇ ಕಣ್ಣಿಟ್ಟು ಹಿಂದೆ ಹಿಂದೆ ನಡೆದೆ.